ಕರಾವಳಿಯ ಸೆಕೆ ಮತ್ತು ಮ್ಯಾರಥಾನ್ ಅರ್ಹತೆಯ ಲೆಕ್ಕ

ನರಿಕೊಂಬು: ಬಂಟ್ವಾಳ ತಾಲೂಕಿನ ನರಿಕೊಂಬು, ಪಾಣೆಮಂಗಳೂರು, ಬಿ.ಸಿ.ರೋಡ್ ಪರಿಸರದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ದೂರದ ಓಟದ ಅಭ್ಯಾಸ ನಡೆಸುವವರಿಗೆ ದಿನದಲ್ಲಿ ದೊರೆಯುವ ಅವಧಿ ಬಹಳ ಚಿಕ್ಕದು. ಮುಂಜಾನೆ ನಾಲ್ಕೂವರೆಗೆ ಹೊರಟರೆ ಆರೂವರೆಯೊಳಗೆ ಮುಗಿಸಬೇಕು. ಆಮೇಲೆ ಬಿಸಿಲು ಏರುತ್ತದೆ, ಹೆದ್ದಾರಿಯಲ್ಲಿ ಬಸ್ಸು-ಟ್ಯಾಂಕರುಗಳ ಸಾಲು ತೊಡಗುತ್ತದೆ. ಆದರೆ ಬಿಸಿಲಿಲ್ಲದ ಆ ಎರಡು ಗಂಟೆಯೂ ತಂಪಿನದ್ದಲ್ಲ. ನೇತ್ರಾವತಿಯ ದಂಡೆಯಲ್ಲಿ ಆ ಹೊತ್ತಿಗೆ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೂ ಗಾಳಿಯಲ್ಲಿರುವ ತೇವಾಂಶ ದಿನದ ಬೇರೆಲ್ಲ ಹೊತ್ತಿಗಿಂತ ಹೆಚ್ಚು. ಹತ್ತು ಹೆಜ್ಜೆ ಓಡುವುದರೊಳಗೆ ಮೈಯೆಲ್ಲ ಬೆವರು. ಆ ಬೆವರು ಆರುವುದಿಲ್ಲ, ಸುರಿಯುತ್ತದೆ. ಕರಾವಳಿಯ ಜನ ಇದಕ್ಕೆ ಇಟ್ಟ ಹೆಸರು ಸೆಕೆ. ಬಯಲುಸೀಮೆಯ ಬಿಸಿಲಿಗೂ ಈ ಸೆಕೆಗೂ ಇರುವ ಅಂತರವನ್ನು ಮ್ಯಾರಥಾನ್‌ನಷ್ಟು ನಿಷ್ಠುರವಾಗಿ ತೋರಿಸುವ ಕ್ರೀಡೆ ಇನ್ನೊಂದಿಲ್ಲ.

ಏಕೆಂದರೆ ಮ್ಯಾರಥಾನ್‌ನಲ್ಲಿ ಅರ್ಹತೆ ಎಂಬುದು ಗಡಿಯಾರದ ಲೆಕ್ಕ. 42.195 ಕಿ.ಮೀ. ದೂರವನ್ನು ಇಂತಿಷ್ಟು ಹೊತ್ತಿನೊಳಗೆ ಕ್ರಮಿಸಬೇಕು; ಓಟಗಾರ ಯಾವ ಊರಿನವನು, ಯಾವ ಹವೆಯಲ್ಲಿ ಅಭ್ಯಾಸ ಮಾಡಿದ ಎಂಬುದನ್ನು ಯಾರೂ ಕೇಳುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ನಿಗದಿಯಾಗಿದ್ದ ಅರ್ಹತಾ ಸಮಯ ಪುರುಷರಿಗೆ 2 ಗಂಟೆ 8 ನಿಮಿಷ 10 ಸೆಕೆಂಡ್, ಮಹಿಳೆಯರಿಗೆ 2 ಗಂಟೆ 26 ನಿಮಿಷ 50 ಸೆಕೆಂಡ್. ಎಂಟು ವರ್ಷ ಮೊದಲು, 2016ರ ರಿಯೊ ಒಲಿಂಪಿಕ್ಸ್‌ಗೆ ಪುರುಷರಿಗೆ 2 ಗಂಟೆ 19 ನಿಮಿಷ, ಮಹಿಳೆಯರಿಗೆ 2 ಗಂಟೆ 45 ನಿಮಿಷ ಸಾಕಾಗಿತ್ತು. ವಿಶ್ವ ರ‍್ಯಾಂಕಿಂಗ್ ಮೂಲಕ ಇನ್ನೊಂದು ದಾರಿ ತೆರೆದಿದೆಯಾದರೂ ಅದಕ್ಕೂ ಬೇಕಾದದ್ದು ಒಳ್ಳೆಯ ಸಮಯವೇ. ಪರಿಣಾಮ ಎಲ್ಲರಿಗೂ ಗೊತ್ತಿರುವಂಥದ್ದು. ರಿಯೊದಲ್ಲಿ ಭಾರತದಿಂದ ಮೂವರು ಪುರುಷರು, ಇಬ್ಬರು ಮಹಿಳೆಯರು ಮ್ಯಾರಥಾನ್ ಓಡಿದ್ದರು. ಟೋಕಿಯೊ ಮತ್ತು ಪ್ಯಾರಿಸ್ ಕೂಟಗಳಲ್ಲಿ ಭಾರತದ ಒಬ್ಬರೂ ಇರಲಿಲ್ಲ.

ಕೊಡಗಿನ ಓಟಗಾರನ ಎರಡು ಸೆಕೆಂಡ್

ಕರ್ನಾಟಕದ ಮಟ್ಟಿಗೆ ಈ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಕೊಡಗಿನ ಎ.ಬಿ. ಬೆಳ್ಳಿಯಪ್ಪ ಅವರ ಉದಾಹರಣೆಯನ್ನು ಗಮನಿಸಬೇಕು. 2023ರ ಫೆಬ್ರವರಿ 26ರಂದು ನಡೆದ ನವದೆಹಲಿ ಮ್ಯಾರಥಾನ್‌ನಲ್ಲಿ ಮಾನ್ ಸಿಂಗ್ 2 ಗಂಟೆ 14 ನಿಮಿಷ 13 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿದಾಗ ಬೆಳ್ಳಿಯಪ್ಪ ಅವರಿಗಿಂತ ಕೇವಲ ಎರಡು ಸೆಕೆಂಡ್ ಹಿಂದಿದ್ದರು. ಮೂರನೆಯವರಾದ ಕಾರ್ತಿಕ್ ಕುಮಾರ್ 2 ಗಂಟೆ 14 ನಿಮಿಷ 19 ಸೆಕೆಂಡ್ ತೆಗೆದುಕೊಂಡರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಬೇಕಾದ ಅರ್ಹತೆಯನ್ನು ಮೂವರೂ ಅದೊಂದೇ ಬೆಳಗ್ಗೆ ಸಂಪಾದಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಂಗ್‌ಝೌದಲ್ಲಿ ಮಾನ್ ಸಿಂಗ್ ಮತ್ತು ಬೆಳ್ಳಿಯಪ್ಪ ಭಾರತವನ್ನು ಪ್ರತಿನಿಧಿಸಿದರು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಶಿಪ್‌ನಲ್ಲಿ ಮಾನ್ ಸಿಂಗ್ 2 ಗಂಟೆ 14 ನಿಮಿಷ 19 ಸೆಕೆಂಡ್‌ಗಳಲ್ಲಿ ಚಿನ್ನ ಗೆದ್ದರು.

ಏಷ್ಯಾದ ಚಿನ್ನಕ್ಕೆ ಸಾಕಾದ ಈ ಸಮಯ ಪ್ಯಾರಿಸ್‌ಗೆ ಸಾಲಲಿಲ್ಲ. ಕೊರತೆ ಆರು ನಿಮಿಷ. ಕೇಳಲು ಸಣ್ಣ ಮೊತ್ತ. ಅದನ್ನು ಕಿಲೋಮೀಟರ್ ಲೆಕ್ಕಕ್ಕೆ ಇಳಿಸಿದರೆ ಕಾಣುವುದೇ ಬೇರೆ. 2 ಗಂಟೆ 15 ನಿಮಿಷದಲ್ಲಿ ಓಟ ಮುಗಿಸಲು ಪ್ರತಿ ಕಿಲೋಮೀಟರನ್ನೂ 3 ನಿಮಿಷ 12 ಸೆಕೆಂಡ್‌ಗಳಲ್ಲಿ ಓಡಬೇಕು. ಪ್ಯಾರಿಸ್‌ನ ಅರ್ಹತೆಗೆ 3 ನಿಮಿಷ 2 ಸೆಕೆಂಡ್. ಅಂದರೆ ಕಿಲೋಮೀಟರ್‌ಗೆ ಹತ್ತು ಸೆಕೆಂಡ್ ಉಳಿಸಬೇಕು, ಹಾಗೆ ನಲವತ್ತೆರಡು ಸಲ. ಎಷ್ಟೋ ವರ್ಷ ಅಭ್ಯಾಸ ಮಾಡಿದ ಓಟಗಾರನೂ ಒಂದು ವರ್ಷದಲ್ಲಿ ಕಿಲೋಮೀಟರ್‌ಗೆ ಎರಡು-ಮೂರು ಸೆಕೆಂಡ್ ಉಳಿಸಿದರೆ ಅದು ದೊಡ್ಡ ಸಾಧನೆ. ಇಂಥ ಲೆಕ್ಕದ ನಡುವೆ ಬೇಸಿಗೆಯ ಮೂರು ತಿಂಗಳು ವ್ಯರ್ಥವಾದರೆ ಆ ಓಟಗಾರನ ಒಂದು ವರ್ಷವೇ ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಸ್ಥಾಪಿಸಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕ ದಾಟಿದರೂ ಭಾರತದ ಯಾವ ಓಟಗಾರನೂ ಅಲುಗಾಡಿಸಲಿಲ್ಲ. ಅಷ್ಟು ದೀರ್ಘ ಕಾಲದಲ್ಲಿ ಬೂಟು ಬದಲಾಯಿತು, ಆಹಾರ ಬದಲಾಯಿತು, ತರಬೇತಿಯ ಶಾಸ್ತ್ರ ಬದಲಾಯಿತು, ವಿದೇಶಿ ತರಬೇತುದಾರರು ಬಂದು ಹೋದರು. ದೇಶದ ಹವೆ ಮಾತ್ರ ಓಟಗಾರನಿಗೆ ಪ್ರತಿಕೂಲವಾಗುತ್ತಲೇ ನಡೆಯಿತು.

ಬೆವರಿನ ಅರ್ಥಶಾಸ್ತ್ರ

ಸೆಕೆಯಲ್ಲಿ ಓಟ ಏಕೆ ನಿಧಾನವಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. 60 ಕಿಲೋ ತೂಕದ ಓಟಗಾರ ಒಂದು ಕಿಲೋಮೀಟರ್ ಓಡಲು ಸುಮಾರು 60 ಕಿಲೋ ಕ್ಯಾಲೊರಿ ಶಕ್ತಿ ವ್ಯಯಿಸುತ್ತಾನೆ. ಕಿಲೋಮೀಟರ್‌ಗೆ 3 ನಿಮಿಷ 12 ಸೆಕೆಂಡ್‌ನ ವೇಗದಲ್ಲಿ ಇದು ಗಂಟೆಗೆ ಸಾವಿರದ ನೂರು ಕಿಲೋ ಕ್ಯಾಲೊರಿ ದಾಟುತ್ತದೆ. ಇದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಓಟಕ್ಕೆ ಒದಗದೆ ಶಾಖವಾಗಿ ದೇಹದೊಳಗೇ ಉಳಿಯುತ್ತದೆ. ಅದನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. ಆ ವೇಗದ ಓಟಗಾರನಿಗೆ ಗಂಟೆಗೆ ಒಂದೂವರೆ ಲೀಟರಿನಷ್ಟು ಬೆವರು ಆವಿಯಾಗಬೇಕು ಎಂದಾಯಿತು.

'ಆವಿಯಾಗಬೇಕು' ಎಂಬಲ್ಲಿಯೇ ಕರಾವಳಿಯ ತೊಡಕು ಇರುವುದು. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲುವುದಕ್ಕೆ ಮೊದಲೇ ಆರಿ ಹೋಗುತ್ತದೆ. ಬಂಟ್ವಾಳದಲ್ಲಿ ಗಾಳಿ ಈಗಾಗಲೇ ನೀರಿನಿಂದ ತುಂಬಿರುವುದರಿಂದ ಬೆವರಿನ ಬಹುಪಾಲು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಬೆವರಿನಿಂದ ದೇಹ ತಂಪಾಗುವುದಿಲ್ಲ. ನೀರೂ ಉಪ್ಪೂ ನಷ್ಟವಾದದ್ದಷ್ಟೇ ಫಲ. ಇತ್ತ ಓಡುತ್ತಿರುವವನ ಹೊಟ್ಟೆ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರನ್ನು ದಕ್ಕಿಸಿಕೊಳ್ಳುವುದು ಕಷ್ಟ. ರಕ್ತದಲ್ಲಿ ನೀರಿನ ಅಂಶ ಇಳಿಯುತ್ತದೆ, ಚರ್ಮಕ್ಕೂ ಕಾಲಿನ ಸ್ನಾಯುಗಳಿಗೂ ಏಕಕಾಲಕ್ಕೆ ರಕ್ತ ಒದಗಿಸಬೇಕಾದ ಹೃದಯ ಹೆಚ್ಚು ಹೆಚ್ಚು ಬಡಿದುಕೊಳ್ಳುತ್ತದೆ, ಕಡೆಗೆ ವೇಗವನ್ನು ತಗ್ಗಿಸದೆ ಬೇರೆ ದಾರಿ ಉಳಿಯುವುದಿಲ್ಲ.

ಮ್ಯಾರಥಾನ್‌ಗೆ ಅತ್ಯಂತ ಅನುಕೂಲವಾದ ಉಷ್ಣಾಂಶ 10 ಡಿಗ್ರಿಯ ಆಸುಪಾಸು ಎಂಬುದು ಕ್ರೀಡಾ ವಿಜ್ಞಾನ ಬಹಳ ಹಿಂದೆಯೇ ಒಪ್ಪಿದ ಮಾತು. ಹವೆ ಬಿಸಿಯಾದಂತೆ ಎಲ್ಲರ ವೇಗವೂ ಕುಗ್ಗುತ್ತದೆ. ಮುಂಚೂಣಿಯ ಓಟಗಾರರಿಗಿಂತ ಹಿಂದಿನವರ ವೇಗ ಹೆಚ್ಚು ಕುಗ್ಗುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ನಾಲ್ಕು ಗಂಟೆ ಬಿಸಿಲಿನಲ್ಲಿರುವವರು ಅವರೇ ತಾನೆ! ಒಲಿಂಪಿಕ್ಸ್‌ನ ಮಾತು ಬಿಟ್ಟು ಬೋಸ್ಟನ್ ಮ್ಯಾರಥಾನ್‌ನ ಅರ್ಹತೆಯನ್ನು ಗುರಿಯಾಗಿಟ್ಟುಕೊಂಡ ಹವ್ಯಾಸಿಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2026ರ ಬೋಸ್ಟನ್ ಓಟಕ್ಕೆ 35 ವರ್ಷದೊಳಗಿನ ಪುರುಷರಿಗೆ 2 ಗಂಟೆ 55 ನಿಮಿಷ, ಮಹಿಳೆಯರಿಗೆ 3 ಗಂಟೆ 25 ನಿಮಿಷದ ಮಿತಿ ವಿಧಿಸಲಾಗಿತ್ತು. ಹಿಂದಿಗಿಂತ ಐದು ನಿಮಿಷ ಬಿಗಿ. ಉದ್ಯೋಗ ಮಾಡಿಕೊಂಡು, ಬೆಳಗಿನ ಎರಡು ಗಂಟೆಯಲ್ಲಿ ಅಭ್ಯಾಸ ಮುಗಿಸುವ ಮಂಗಳೂರು-ಬಂಟ್ವಾಳದ ಓಟಗಾರನಿಗೆ ಆ ಐದು ನಿಮಿಷ ಹಗುರವಲ್ಲ.

ರಿಯೊ ಕಲಿಸಿದ್ದು, ದೋಹಾ ತೋರಿಸಿದ್ದು

ಶಾಖವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಲಿಂಪಿಕ್ ಇತಿಹಾಸದಲ್ಲಿ ಉದಾಹರಣೆಗಳಿಗೆ ಬರವಿಲ್ಲ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಜಾರೊ ಬಿಸಿಲಿನ ಹೊಡೆತಕ್ಕೆ ಕುಸಿದು ಮರುದಿನ ಅಸುನೀಗಿದರು. ಭಾರತೀಯರ ನೆನಪಿನಲ್ಲಿ ಇನ್ನೂ ಹಸಿಯಾಗಿರುವುದು ವಯನಾಡಿನ ಒ.ಪಿ. ಜೈಷಾ ಅವರ ಪ್ರಕರಣ. 2015ರ ಆಗಸ್ಟ್‌ನಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡ್‌ಗಳ ರಾಷ್ಟ್ರೀಯ ದಾಖಲೆಯೊಂದಿಗೆ ರಿಯೊಗೆ ಅರ್ಹತೆ ಪಡೆದ ಅವರು, ಒಂದು ವರ್ಷದ ಬಳಿಕ ರಿಯೊದ ಬಿಸಿಲಿನಲ್ಲಿ 2 ಗಂಟೆ 47 ನಿಮಿಷ 19 ಸೆಕೆಂಡ್ ತೆಗೆದುಕೊಂಡು 89ನೆಯವರಾಗಿ ಗುರಿ ಮುಟ್ಟಿ ಅಲ್ಲಿಯೇ ಕುಸಿದು ಬಿದ್ದರು. ಭಾರತದ ಮೇಜುಗಳಲ್ಲಿ ತನಗೆ ನೀರು ನೀಡಲು ಯಾರೂ ಇರಲಿಲ್ಲವೆಂದು ಅವರು ದೂರಿದರು. ಅಥ್ಲೆಟಿಕ್ಸ್ ಒಕ್ಕೂಟ ಇದನ್ನು ಅಲ್ಲಗಳೆದು, ಪ್ರತ್ಯೇಕ ಪಾನೀಯ ಬೇಡವೆಂದು ಓಟಗಾರ್ತಿಯರೂ ತರಬೇತುದಾರರೂ ಮೊದಲೇ ತಿಳಿಸಿದ್ದರು ಎಂದಿತು. ಕೇಂದ್ರ ಕ್ರೀಡಾ ಸಚಿವಾಲಯ ವಿಚಾರಣೆಗೆ ಸಮಿತಿ ರಚಿಸಿತು. ಯಾರ ಮಾತು ಸರಿ ಎಂಬ ಜಗಳದಲ್ಲಿ ಮುಖ್ಯ ಪ್ರಶ್ನೆ ಮರೆಯಾಯಿತು: ತಂಪಾದ ಊಟಿಯ ಶಿಬಿರದಿಂದ ಹೊರಟ ಓಟಗಾರ್ತಿಯನ್ನು ಬೆಳಗ್ಗೆ ಒಂಬತ್ತೂವರೆಗೆ ಬಿಸಿಲಿನಲ್ಲಿ ಆರಂಭವಾಗುವ ಓಟಕ್ಕೆ ಸಿದ್ಧಪಡಿಸುವ ಯೋಜನೆ ಏನಿತ್ತು? ಎಷ್ಟು ನೀರು, ಎಲ್ಲಿ, ಯಾರ ಕೈಯಿಂದ ಎಂಬುದು ಓಟದ ದಿನ ತೀರ್ಮಾನಿಸುವ ವಿಷಯವಲ್ಲ. ಅದನ್ನು ತಿಂಗಳುಗಳ ಮೊದಲೇ ಅಭ್ಯಾಸದ ಹಾದಿಯಲ್ಲಿ ಹೊಟ್ಟೆಗೆ ಒಗ್ಗಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಅದೇ ವಯನಾಡಿನ ಟಿ. ಗೋಪಿ ಅವರ ಕಥೆ ಇದೆ. 2016ರ ಮುಂಬೈ ಮ್ಯಾರಥಾನ್‌ನಲ್ಲಿ ನಿತೇಂದ್ರ ಸಿಂಗ್ ರಾವತ್ ಅವರಿಗೆ ವೇಗ ಕಟ್ಟಿಕೊಡುವ ಕೆಲಸಕ್ಕಷ್ಟೇ ಇಳಿದ ಗೋಪಿ ನಡುವೆ ನಿಲ್ಲದೆ ಓಡಿ ತಾನೂ ರಿಯೊ ಅರ್ಹತೆ ಗಳಿಸಿದರು. ರಿಯೊದಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡ್‌ಗಳೊಂದಿಗೆ 25ನೆಯವರಾದರು. 2019ರ ಮಾರ್ಚ್‌ನಲ್ಲಿ ಸೋಲ್‌ನ ತಂಪಿನಲ್ಲಿ ಅವರ ಸಮಯ 2 ಗಂಟೆ 13 ನಿಮಿಷ 39 ಸೆಕೆಂಡ್. ಅದೇ ವರ್ಷ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2 ಗಂಟೆ 15 ನಿಮಿಷ 57 ಸೆಕೆಂಡ್‌ಗಳಲ್ಲಿ ಓಡಿ 21ನೇ ಸ್ಥಾನ ಪಡೆದರು. ತಂಪಿಗೂ ಬಿಸಿಗೂ ನಡುವೆ ಅವರು ಕಳೆದುಕೊಂಡದ್ದು ಎರಡು ಚಿಲ್ಲರೆ ನಿಮಿಷ ಮಾತ್ರ. ದೋಹಾದಲ್ಲಿ ಮಧ್ಯರಾತ್ರಿ ನಡೆದ ಮಹಿಳೆಯರ ಓಟದಲ್ಲಿ 68 ಮಂದಿ ಹೊರಟು 28 ಮಂದಿ ಅರ್ಧಕ್ಕೇ ನಿಂತದ್ದನ್ನು ನೆನೆದರೆ ಇದು ಸಾಮಾನ್ಯ ಸಂಗತಿಯಲ್ಲ. ಅಲ್ಲಿ ಸೂರ್ಯನಿರಲಿಲ್ಲ. ಉಷ್ಣಾಂಶ 30 ಡಿಗ್ರಿಗೂ ಮೇಲೆ, ತೇವಾಂಶ ಶೇ. 70ಕ್ಕೂ ಮೇಲೆ. ಬಂಟ್ವಾಳದವರಿಗೆ ಪರಿಚಿತವಾದ ಮೇ ತಿಂಗಳ ಸಂಜೆ ಎಂದರೂ ನಡೆದೀತು. ಆ ರಾತ್ರಿಯ ದೃಶ್ಯಗಳನ್ನು ಕಂಡ ಬಳಿಕವೇ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಟೋಕಿಯೊ ಕೂಟದ ಮ್ಯಾರಥಾನನ್ನು ಉತ್ತರದ ಸಪ್ಪೊರೊಗೆ ಸ್ಥಳಾಂತರಿಸಿತು. ಅಲ್ಲಿಯೂ ಸೆಕೆ ಬಿಡಲಿಲ್ಲ. 2021ರ ಆಗಸ್ಟ್ 7ರಂದು ಮಹಿಳೆಯರ ಓಟವನ್ನು ಒಂದು ಗಂಟೆ ಮುಂಚೆ, ಬೆಳಗ್ಗೆ ಆರಕ್ಕೇ ಆರಂಭಿಸಬೇಕಾಯಿತು.

ಹಾಗಾದರೆ ಸೆಕೆಯ ನಾಡಿನಲ್ಲಿ ಬೆಳೆದವರಿಗೆ ಇದೊಂದು ವರವಾಗಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಭಾಗಶಃ ಹೌದು. ಹತ್ತರಿಂದ ಹದಿನಾಲ್ಕು ದಿನ ಕ್ರಮವಾಗಿ ಬಿಸಿಯಲ್ಲಿ ಶ್ರಮಪಟ್ಟರೆ ದೇಹ ಒಗ್ಗಿಕೊಳ್ಳುತ್ತದೆ: ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಬಡಿತ ಇಳಿಯುತ್ತದೆ. ಆದರೆ ಈ ಗಳಿಕೆ ತಂಪಿಗೆ ಹೋದ ಕೆಲವೇ ವಾರಗಳಲ್ಲಿ ಕರಗಿ ಹೋಗುತ್ತದೆ. ಮುಖ್ಯವಾದ ಕೊರತೆ ಇನ್ನೊಂದಿದೆ. ಸೆಕೆಯಲ್ಲಿ ಓಡುವವನ ಹೃದಯ ದಣಿಯುತ್ತದೆಯೇ ಹೊರತು ಕಾಲುಗಳು ಅರ್ಹತೆಯ ವೇಗವನ್ನು ಕಲಿಯುವುದಿಲ್ಲ. ಕಿಲೋಮೀಟರ್‌ಗೆ 3 ನಿಮಿಷ 12 ಸೆಕೆಂಡ್‌ನಲ್ಲಿ ಇಪ್ಪತ್ತೈದು ಕಿಲೋಮೀಟರ್ ಓಡುವ ಅಭ್ಯಾಸವನ್ನು ಮೇ ತಿಂಗಳ ಕರಾವಳಿಯಲ್ಲಿ ಮಾಡುವುದು ಅಸಾಧ್ಯವೆನ್ನುವಷ್ಟು ಕಷ್ಟ, ಮಾಡಹೊರಟರೆ ಅಪಾಯ. ರಾತ್ರಿಯೂ ಉಷ್ಣಾಂಶ ಇಳಿಯದ ಕಾರಣ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವನಿಗೆ ಮರುದಿನದ ಅಭ್ಯಾಸ ದಕ್ಕುವುದಿಲ್ಲ.

ಮಾಪಕ ಅಳೆಯದ ಬಿಸಿ

ಇದು ಕೇವಲ ಓಟಗಾರರ ಅಳಲೆಂದು ತಳ್ಳಿಹಾಕುವಂತಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ 40 ಡಿಗ್ರಿ ಮುಟ್ಟಿದಾಗ, ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದಾಗ ಬಿಸಿಗಾಳಿ ಘೋಷಿಸುವ ಕ್ರಮವಿದೆ. 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಅಂದರೆ ಚಳಿಗಾಲ ಲೆಕ್ಕದಲ್ಲಿ ಇನ್ನೂ ಮುಗಿಯದಿರುವಾಗಲೇ, ಕರಾವಳಿ ಕರ್ನಾಟಕಕ್ಕೆ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ನೀಡಿತು. 1901ರಿಂದೀಚೆಗಿನ ದಾಖಲೆಗಳಲ್ಲಿ ದೇಶದ ಅತ್ಯಂತ ಬಿಸಿಯಾದ ಫೆಬ್ರವರಿ ಅದು. ಅದರ ಹಿಂದಿನ ವರ್ಷ, 2024, ದೇಶದ ಅತ್ಯಂತ ಬಿಸಿಯಾದ ವರ್ಷವೆಂದು ದಾಖಲಾಗಿತ್ತು. ಓಟಗಾರರ ಪಂಚಾಂಗದಲ್ಲಿ ಫೆಬ್ರವರಿ ಎಂದರೆ ದೆಹಲಿಯ ಅರ್ಹತಾ ಓಟದ ತಿಂಗಳು, ಕೊನೆಯ ಕಠಿಣ ಅಭ್ಯಾಸದ ಹೊತ್ತು. ಅದಕ್ಕೇ ಬಿಸಿ ನುಗ್ಗಿದರೆ ಉಳಿದ ಲೆಕ್ಕವೆಲ್ಲ ಏರುಪೇರು.

ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಯಿಸುವ ಪದ್ಧತಿ ಕಲಬುರಗಿ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಇದೆ. ಅಲ್ಲಿನ ಬಿಸಿಲಿಗೆ ಅದು ನ್ಯಾಯವೇ. ಆದರೆ ಸರ್ಕಾರದ ಕಣ್ಣಿನಲ್ಲಿ ಶಾಖವೆಂದರೆ ಉಷ್ಣಮಾಪಕದ ಅಂಕಿ. 34 ಡಿಗ್ರಿಯಲ್ಲಿ ಹೆದ್ದಾರಿ ಕಾಮಗಾರಿಯ ಡಾಂಬರು ಹಾಸುವವನಿಗೋ ಅಡಿಕೆ ಮರ ಹತ್ತುವವನಿಗೋ ಆಗುವ ಪಾಡು ಆ ಅಂಕಿಯಲ್ಲಿ ಕಾಣದು. ಉಷ್ಣಾಂಶ, ತೇವಾಂಶ, ಗಾಳಿ, ಬಿಸಿಲು ನಾಲ್ಕನ್ನೂ ಕೂಡಿಸಿ ಅಳೆಯುವ 'ಒದ್ದೆ ಬಲ್ಬ್ ಗೋಳ ಉಷ್ಣಾಂಶ' ಎಂಬ ಮಾನ ಜಗತ್ತಿನ ಕ್ರೀಡಾಕೂಟಗಳಲ್ಲೂ ಸೇನೆಗಳಲ್ಲೂ ದಶಕಗಳಿಂದ ಬಳಕೆಯಲ್ಲಿದೆ. ಅದನ್ನು ಅಳೆಯುವ ಕೈಯಳತೆಯ ಉಪಕರಣವನ್ನು ಪ್ರತಿ ಜಿಲ್ಲಾ ಕ್ರೀಡಾಂಗಣದಲ್ಲಿ ಇಟ್ಟು, ಇಂತಿಷ್ಟು ಮೀರಿದರೆ ಅಭ್ಯಾಸ ನಿಲ್ಲಿಸಬೇಕೆಂಬ ನಿಯಮ ಮಾಡಿದರೆ ಬೇಸಿಗೆ ರಜೆಯ ಶಿಬಿರಗಳ ಮಕ್ಕಳಿಗೆ ರಕ್ಷೆಯಾಗುತ್ತದೆ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ.

ಬಿಸಿಯಾಘಾತದ ಚಿಕಿತ್ಸೆಯ ವಿಷಯದಲ್ಲೂ ಹಳೆಯ ಕಲ್ಪನೆಗಳೇ ಉಳಿದಿವೆ. ಓಟಗಾರ ಕುಸಿದು ಮಾತು ತೊದಲಿದರೆ, ದಿಕ್ಕು ತೋಚದಂತಾದರೆ, ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಮೀರಿದೆ ಎಂದೇ ತಿಳಿಯಬೇಕು. ಆಗ ಮೊದಲ ಕೆಲಸ ವಾಹನ ಹುಡುಕುವುದಲ್ಲ, ತಣ್ಣೀರಿನಲ್ಲಿ ಮೈ ಮುಳುಗಿಸುವುದು. ಸಾಧ್ಯವಾಗದಿದ್ದರೆ ಮೈಮೇಲೆ ಎಡೆಬಿಡದೆ ನೀರು ಸುರಿದು ಗಾಳಿ ಹಾಕುವುದು. ತಂಪಾದ ಬಳಿಕ ಆಸ್ಪತ್ರೆ. ಮೊದಲ ಅರ್ಧ ಗಂಟೆಯ ಈ ಉಪಚಾರವೇ ಜೀವ ಉಳಿಸುವಂಥದ್ದು. ಮಂಜುಗಡ್ಡೆ ಹಾಕಿದ ಒಂದು ದೊಡ್ಡ ತೊಟ್ಟಿ ಇಲ್ಲದೆ ಬೇಸಿಗೆಯಲ್ಲಿ ದೂರದ ಓಟ ಏರ್ಪಡಿಸುವುದು ಸಲ್ಲದು.

ಕುಡಿಯುವ ವಿಷಯದಲ್ಲಿ ಅತಿಯೂ ಅಪಾಯಕರ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೊಳಪಟ್ಟ 488 ಓಟಗಾರರಲ್ಲಿ ಶೇ. 13 ಮಂದಿಯ ರಕ್ತದಲ್ಲಿ ಉಪ್ಪಿನಂಶ ಅಪಾಯದ ಮಟ್ಟಕ್ಕೆ ಇಳಿದಿತ್ತು. ಕಾರಣ, ಬರಿಯ ದ್ರವವನ್ನು ಮಿತಿಮೀರಿ ಕುಡಿದದ್ದು. ಕರಾವಳಿಯಲ್ಲಿ ಸೆಕೆಗೆ ಎಳನೀರೇ ಮದ್ದೆಂಬ ನಂಬಿಕೆ ಗಟ್ಟಿಯಾಗಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಬೆವರಿನಲ್ಲಿ ಹೆಚ್ಚಾಗಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಅದಕ್ಕಿಂತ ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಬೆರೆಸಿ ಕುಡಿಯುವ ಮನೆಯ ಹಿರಿಯರ ರೂಢಿ ಶಾಸ್ತ್ರಕ್ಕೆ ಹತ್ತಿರ: ಪಿಷ್ಟ, ನೀರು, ಉಪ್ಪು ಮೂರೂ ಅದರಲ್ಲಿವೆ. ಬಣ್ಣದ ಬಾಟಲಿಗಳ ಪಾನೀಯದಲ್ಲಿ ಇರುವುದೂ ಸ್ಥೂಲವಾಗಿ ಇಷ್ಟೇ, ಗಂಜಿಗೆ ಜಾಹೀರಾತಿಲ್ಲ ಅಷ್ಟೇ.

ಘಟ್ಟದ ಮೇಲಿನ ಮೂರು ತಿಂಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆ ಅಥ್ಲೆಟಿಕ್ಸ್‌ಗೆ ಹೊಸದಲ್ಲ. ಡಾ. ಎಂ. ಮೋಹನ ಆಳ್ವರ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾ ದತ್ತು ಯೋಜನೆಯಡಿ ದೇಶದ ನಾನಾ ಭಾಗಗಳ ಓಟಗಾರರಿಗೆ ಉಚಿತ ಶಿಕ್ಷಣ, ವಸತಿ ನೀಡುತ್ತ ಬಂದಿದೆ. ಮೂಡುಬಿದಿರೆಯ ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕೂಟವೇ ನಡೆಯಿತು. ಅದಾದ ಒಂದು ತಿಂಗಳಿಗೆ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡ್‌ಗಳಲ್ಲಿ ಕ್ರಮಿಸಿದಾಗ ಇಡೀ ದೇಶ ಉಸೇನ್ ಬೋಲ್ಟ್‌ನ ಹೆಸರೆತ್ತಿತು, ಕೇಂದ್ರ ಕ್ರೀಡಾ ಸಚಿವರೇ ಆಯ್ಕೆ ಪರೀಕ್ಷೆಗೆ ಕರೆದರು. ಕೋಣಗಳ ಸೆಳೆತದ ಓಟಕ್ಕೂ ಟ್ರ್ಯಾಕ್‌ನ ಓಟಕ್ಕೂ ಹೋಲಿಕೆ ಸಲ್ಲದೆಂದು ಅರಿತಿದ್ದ ಗೌಡರು ನಯವಾಗಿ ನಿರಾಕರಿಸಿದರು. ಹದಿಮೂರು ಸೆಕೆಂಡ್‌ನ ವಿಸ್ಮಯಕ್ಕೆ ದೊರೆತ ಆ ಗಮನದ ನೂರನೇ ಒಂದು ಪಾಲು ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡುವವರಿಗೆ ದೊರೆತದ್ದುಂಟೆ?

ಟ್ರ್ಯಾಕ್ ಇದೆ, ವಸತಿ ನಿಲಯಗಳಿವೆ, ದೈಹಿಕ ಶಿಕ್ಷಣ ಶಿಕ್ಷಕರಿದ್ದಾರೆ. ದೂರದ ಓಟಕ್ಕೆ ಬೇಕಾದ ಎರಡು ವಸ್ತುಗಳು ಮಾತ್ರ ಇಲ್ಲ: ಸುರಕ್ಷಿತ ರಸ್ತೆ ಮತ್ತು ಬೇಸಿಗೆಯ ತಂಪು. ಮ್ಯಾರಥಾನ್ ಓಟಗಾರ ವಾರಕ್ಕೆ ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ಓಡಬೇಕು. ಅಷ್ಟನ್ನೂ 400 ಮೀಟರ್‌ನ ಟ್ರ್ಯಾಕ್‌ನಲ್ಲಿ ಸುತ್ತಿದರೆ ಕಾಲು ಉಳಿಯದು. ಬಿ.ಸಿ.ರೋಡಿನಿಂದ ಪೂರ್ವಕ್ಕೆ ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣ ವರ್ಷಗಟ್ಟಲೆ ಎಳೆದಾಡಿದ ಕಾಲದಲ್ಲಿ ಆ ರಸ್ತೆಯ ಅಂಚು ಪಾದಚಾರಿಗೇ ದುರ್ಲಭವಾಗಿತ್ತು. ಕತ್ತಲಲ್ಲಿ ಓಡುವವನ ಮಾತೇಕೆ. ಒಳರಸ್ತೆಗಳು ಏರಿಳಿತದವು, ಕಿರಿದು, ಬೀದಿನಾಯಿಗಳ ಕಾಟ ಬೇರೆ.

ತಂಪಿನ ವಿಷಯ ಹಾಗಲ್ಲ. ಅದು ದೂರವೇನೂ ಇಲ್ಲ. ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರ, ಅಲ್ಲಿಂದ ಮುಂದೆ ಮೂಡಿಗೆರೆ. ಇತ್ತ ಸುಳ್ಯ-ಸಂಪಾಜೆ ದಾರಿಯಾಗಿ ಹೋದರೆ 1,100 ಮೀಟರ್‌ಗೂ ಎತ್ತರದ ಮಡಿಕೇರಿ. ನರಿಕೊಂಬಿನಿಂದ ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟದೊಳಗೆ ಎಂಟು-ಹತ್ತು ಡಿಗ್ರಿ ತಂಪಾದ ಮುಂಜಾನೆಗಳ ನಾಡನ್ನು ಸೇರಬಹುದು. ಕೀನ್ಯಾ, ಇಥಿಯೋಪಿಯಾಗಳ ಎರಡು ಸಾವಿರ ಮೀಟರ್ ಮೀರಿದ ಎತ್ತರ ಮಲೆನಾಡಿಗಿಲ್ಲ, ಆದ್ದರಿಂದ ರಕ್ತದಲ್ಲಿ ಆಗುವ ಬದಲಾವಣೆಯ ಲಾಭವನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಅರ್ಹತೆಯ ವೇಗದಲ್ಲಿ ಓಡಲು ಸಾಧ್ಯವಾಗುವುದೇ ದೊಡ್ಡ ಲಾಭ. ರಾಜ್ಯದ ಕ್ರೀಡಾ ಇಲಾಖೆಯಾಗಲಿ ವಿಶ್ವವಿದ್ಯಾನಿಲಯಗಳಾಗಲಿ ಕರಾವಳಿಯ ದೂರದ ಓಟಗಾರರಿಗಾಗಿ ಬೇಸಿಗೆಯಲ್ಲಿ ಮಲೆನಾಡಿನ ಯಾವುದಾದರೊಂದು ಸರ್ಕಾರಿ ವಸತಿ ನಿಲಯವನ್ನು ಆರು ವಾರ ಬಿಟ್ಟುಕೊಟ್ಟರೆ ಸಾಕು. ರಜೆಯಲ್ಲಿ ಆ ಕಟ್ಟಡಗಳು ಹೇಗೂ ಖಾಲಿ.

ಅಲ್ಲಿಯವರೆಗೆ ಓಟಗಾರ ತನ್ನ ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಬದಿಗಿಟ್ಟು ಹೃದಯ ಬಡಿತವನ್ನು ನೋಡಿ ಓಡುವುದು, ವೇಗದ ಓಟವನ್ನು ನಾನೂರು-ಎಂಟುನೂರು ಮೀಟರ್‌ಗಳ ತುಂಡುಗಳಾಗಿ ಮಾಡಿ ನಡುವೆ ಸಾಕಷ್ಟು ವಿರಾಮ ಕೊಡುವುದು, ಓಟಕ್ಕೆ ಮುನ್ನ ಮತ್ತು ಬಳಿಕ ತೂಗಿ ನೋಡಿ ಎಷ್ಟು ನೀರು ಹೋಯಿತೆಂದು ತಿಳಿಯುವುದು. ವಾರದ ದೀರ್ಘ ಓಟವನ್ನು ಎರಡು ಭಾಗ ಮಾಡಿ ಬೆಳಗ್ಗೆ, ಸಂಜೆ ಹಂಚಿಕೊಳ್ಳುವವರೂ ಇದ್ದಾರೆ. ಗುರಿಯ ಓಟವನ್ನು ಜನವರಿಯ ಮುಂಬೈ, ಫೆಬ್ರವರಿಯ ದೆಹಲಿಗೆ ಇಟ್ಟುಕೊಂಡರೆ ಮಳೆಗಾಲದ ನಾಲ್ಕು ತಿಂಗಳು ಕೈಯಲ್ಲಿರುತ್ತದೆ. ಊರಿನ ಹತ್ತಿರದ ಓಟದಲ್ಲಿ ಎಷ್ಟೇ ಒಳ್ಳೆಯ ಸಮಯ ಬಂದರೂ ಆ ಹಾದಿಯನ್ನು ಮಾನ್ಯತೆ ಪಡೆದ ಮಾಪಕರು ಅಳೆದಿರದಿದ್ದರೆ, ಇಳಿಜಾರು ಕಿಲೋಮೀಟರ್‌ಗೆ ಒಂದು ಮೀಟರ್ ಮೀರಿದ್ದರೆ, ಅಂತಾರಾಷ್ಟ್ರೀಯ ಅರ್ಹತೆಗೆ ಅದು ಲೆಕ್ಕಕ್ಕಿಲ್ಲ ಎಂಬುದನ್ನು ಮರೆಯಬಾರದು.

ಕನ್ನಡ ನಾಡಿನ ಓಟಗಾರ ಈ ದೂರವನ್ನು ಒಲಿಂಪಿಕ್ಸ್‌ನಲ್ಲಿ ಕ್ರಮಿಸಿ ನೂರು ವರ್ಷ ಮೀರಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಯುವಕರನ್ನು ಕಂಡ ದೊರಾಬ್ಜಿ ಟಾಟಾ ಅವರ ಆಸಕ್ತಿಯಿಂದ ಭಾರತದ ತಂಡವೊಂದು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಹೋಯಿತು. ಅದರಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್‌ನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡ್‌ಗಳೊಂದಿಗೆ 19ನೇ ಸ್ಥಾನ ಪಡೆದರು. ಅಂದಿನ ಹಾದಿ ಇಂದಿನದಕ್ಕಿಂತ ಉದ್ದ, 42.75 ಕಿ.ಮೀ.; ಅಂದು ಆಂಟ್ವರ್ಪ್‌ನಲ್ಲಿ ತಂಪು ಹವೆ, ಜಿನುಗು ಮಳೆ.

ಕರಾವಳಿಗೆ ಮುಂಗಾರು ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ. 2025ರಲ್ಲಿ ಮೇ 24ಕ್ಕೇ ಕೇರಳ ಪ್ರವೇಶಿಸಿ, ಸೆಕೆಯ ಕೊನೆಯ ವಾರವನ್ನು ಓಟಗಾರರಿಗೆ ಉಳಿಸಿಕೊಟ್ಟಿತು. ಮಳೆ ಹಿಡಿದ ಮೇಲೆ ಉಷ್ಣಾಂಶ ಇಳಿಯುತ್ತದೆ, ವೇಗ ಮರಳುತ್ತದೆ. ಆಮೇಲಿನ ತೊಂದರೆ ಜಾರುವ ರಸ್ತೆಯದ್ದು, ಒಣಗದ ಬೂಟಿನದ್ದು, ಗುಂಡಿ ಕಾಣದ ನೀರಿನದ್ದು.